ತೂತಿನ ವಿಲಾಯತಿ ದೋಣಿ

೩ ಅಕ್ಟೋಬರ್ ೧೯೦೯, ರವಿವಾರ

ಇವತ್ತೂ ಬರಲಿಲ್ಲ. ಎತ್ತಿಗೆ ನೀರು ಕುಡಿಸಿದೆ, ಅಂಗಡಿಯ ಕಸ ಹೊಡೆದೆ, ಬಾದಾಮಿ ರಸ್ತೆಯ ತನಕ ಹೋಗಿ ನಿಂತು ಬಂದೆ. ಬರೀ ದೂಳು.

ದೋಣಿ ವಿಲಾಯತಿಯಿಂದ ಹೊರಟದ್ದು ಮಳೆಗಾಲದ ಮೊದಲು. ಹಡಗಿನಲ್ಲಿ ಗೋವೆಯ ಬಂದರಿಗೆ, ಅಲ್ಲಿಂದ ರೈಲಿನಲ್ಲಿ ಬಾದಾಮಿ ಸ್ಟೇಶನ್ನಿಗೆ, ಮುಂದೆ ನಮ್ಮ ಬಂಡಿ. ಹಡಗಿನ ಮಾತು ಸರಿ. ರೈಲಿನಲ್ಲಿ ದೋಣಿಯನ್ನು ಹೇಗೆ ಇಡುತ್ತಾರೆ? ನೆಟ್ಟಗೋ, ಬೋರಲೋ? ಯಾರನ್ನು ಕೇಳಿದರೂ ನಗುತ್ತಾರೆ.

ತರಿಸಿದವರು ಸೋದರಮಾವ. ಹತ್ತಿ ವ್ಯಾಪಾರಿ ನಿಜಗುಣಪ್ಪ ಎಂದರೆ ಬೈಲಹೊಂಗಲದ ಪೇಟೆಯ ತನಕ ಗೊತ್ತು. ಧಾರವಾಡದಿಂದ ಹತ್ತಿ ಕೊಳ್ಳಲು ಬರುವ ಇಂಗ್ಲಿಷ್ ಸಾಹೇಬ ಪ್ರತಿ ವರ್ಷ ಸವದತ್ತಿಯ ವ್ಯಾಪಾರಿಯ ಕಡೆ ಇಳಿಯುತ್ತಾನೆ. ಈ ದೀಪಾವಳಿ ಆದ ಮೇಲೆ ರಾಮದುರ್ಗಕ್ಕೇ ಬರಬೇಕು ಎಂಬುದು ಮಾವನ ಹಟ. ಸಾಹೇಬನಿಗೆ ಹೊಳೆ ಕಂಡರೆ ಹುಚ್ಚು ಹಿಡಿಯುತ್ತದಂತೆ.

ಊಟಕ್ಕೆ ಕೂತಾಗ ಅತ್ತಿ ಕೇಳಿದಳು, "ಆ ದೋಣಿ ಯಾತಕ್ಕರಿ?"

"ಸಾಹೇಬ ಹೊಳಿಯೊಳಗ ಹವಾ ತಿನ್ನಾಕ," ಅಂದರು ಮಾವ.

"ಹವಾ ತಿನ್ನಾಕ ಮಾಳಗಿ ಮ್ಯಾಲ ಹತ್ತಿದ್ರ ಸಾಕಲ್ಲ."

ಮಾವ ಮಜ್ಜಿಗೆ ಕುಡಿದು ಎದ್ದುಬಿಟ್ಟರು. ಅತ್ತಿ ನನ್ನ ಕಡೆ ತಿರುಗಿದಳು.

"ಉಳವಪ್ಪಾ, ದೋಣಿ ಕೆಲಸ ನಿನಗ ಹಚ್ಯಾರಂತ. ಮಾಡು. ಆದರ ಮೀನಕ್ಕ ಕೈ ಹಚ್ಚಿದ ದಿನ ನನ್ನ ಅಡಗಿಮನಿ ಹೊಸ್ತಿಲಾ ದಾಟಬ್ಯಾಡ. ಹೊರಗ ಕಟ್ಟಿ ಮ್ಯಾಲ ಉಣ್ಣು. ದಿನಾ ಸಂಜಿಗೆ ಕೇಳತೇನಿ. ನೀ ಸುಳ್ಳ ಹೇಳಾಂವ ಅಲ್ಲ, ಅದೊಂದು ನನಗ ಗೊತ್ತೈತಿ."

ಅವ್ವ ಸತ್ತ ಮೇಲೆ ಆ ಹೊಸ್ತಿಲ ಒಳಗೇ ಬೆಳೆದವನು ನಾನು. ಹೂಂ ಅಂದೆ. ನನಗೇಕೆ ಮೀನು? ದೋಣಿ ಬಂದರೆ ಸಾಕು.

೭ ಅಕ್ಟೋಬರ್, ಗುರುವಾರ

ಬಂತು. ಎರಡು ಬಂಡಿ ಜೋಡಿಸಿ, ಮೇಲೆ ಅಡ್ಡ ತೊಲೆ ಕಟ್ಟಿ ತಂದಿದ್ದಾರೆ. ಓಣಿಯ ತಿರುವಿನಲ್ಲಿ ಹಿಡಿಸಲಿಲ್ಲ. ಕಣದಲ್ಲೇ ಇಳಿಸಿದರು.

ದೊಡ್ಡ ಪೆಟ್ಟಿಗೆ. ಒಳಗೆ ಹುಲ್ಲು. ಅದು ನಮ್ಮ ಹುಲ್ಲಲ್ಲ, ವಾಸನೆ ಬೇರೆ. ಎತ್ತಿನ ಮುಂದೆ ಹಾಕಿದೆ. ಮೂಸಿ ನೋಡಿ ಬಿಟ್ಟಿತು.

ದೋಣಿ ಜೇನಿನ ಬಣ್ಣ. ಮುಖ ಕಾಣುವ ಹಾಗೆ ವಾರ್ನಿಶ್. ಹಲಗೆಗಳನ್ನು ಮೀನಿನ ಮೈಯಂತೆ ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಜೋಡಿಸಿ ತಾಮ್ರದ ಮೊಳೆ ಹೊಡೆದಿದ್ದಾರೆ. ಕಬ್ಬಿಣ ಯಾಕಲ್ಲ? ತುಕ್ಕಿಗೆ ಇರಬೇಕು. ಎರಡು ಉದ್ದ ಹುಟ್ಟು, ಅವು ಕೂರಲು ಹಿತ್ತಾಳೆಯ ಕವಲು. ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನು ಕಷ್ಟಪಟ್ಟು ಓದಿದೆ. ಕಂಪನಿಯ ಹೆಸರು, ಊರಿನ ಹೆಸರು. ಮುಗಿಯಿತು.

ನಡುವೆ ಸಾಹೇಬ ಕೂರುವ ಹಲಗೆ. ಅದಕ್ಕೆ ಮುಚ್ಚಳ. ಎತ್ತಿದರೆ ಕೆಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯ ತಳವೇ ದೋಣಿಯ ತಳ. ಆ ತಳದಲ್ಲಿ —

ತೂತು. ಒಂದಲ್ಲ, ಸಾಲಾಗಿ. ಹೆಬ್ಬೆರಳು ಹೋಗುವಷ್ಟು. ಬೆಳಕು ಬರುತ್ತಿತ್ತು.

ಮಾವ ಬಗ್ಗಿ ನೋಡಿದರು. ಮುಖದ ಕಳೆ ಹೋಯಿತು. "ಹಾದ್ಯಾಗ ಯಾರರ ಕೊರದಾರೇನೋ?"

"ಇಲ್ರಿ ಮಾವಾ. ಅಂಚು ನುಣ್ಣಗ ಐತಿ. ತೂತಿನ ಒಳಗೂ ವಾರ್ನಿಶ್ ಹಚ್ಯಾರ."

"ಅಂದ್ರ ಅಲ್ಲೇ ಕೊರದಾರ? ದೋಣಿಗೆ? ತಳಕ್ಕ?"

ನಾನು ತೂತಿನಲ್ಲಿ ಹೆಬ್ಬೆರಳು ತೂರಿಸಿ ನೋಡಿದೆ.

೮ ಅಕ್ಟೋಬರ್

ಬಡಿಗೇರ ಮಾನಪ್ಪ ಬಂದು ತೂತಿಗೆಲ್ಲ ಜಾಲಿಯ ಬೆಣೆ ಕೆತ್ತಿ ಹೊಡೆದ. ಮೇಲೆ ಅರಗು ಕಾಯಿಸಿ ಸುರಿದ. "ನಮ್ಮ ಗಾಣದ ಒಳಕಲ್ಲ ಸೋರಿದ್ರ ಇದು ಸೋರೀತು," ಅಂದ.

"ತೂತು ಯಾತಕ್ಕ ಇಟ್ಟಿದ್ರಂತೀ ಮಾನಪ್ಪಾ?"

"ವಿಲಾಯತ್ಯಾಗ ಮಳಿ ಭಾಳಂತ. ಮಳಿ ನೀರು ಹೋಗಾಕ."

"ಮಳಿ ನೀರು ಹೋಗೂ ತೂತಿನ್ಯಾಗ ಹೊಳಿ ನೀರು ಬರೂದಿಲ್ಲೇನು?"

"ಸಾಲಿ ಬಿಟ್ರೂ ಸಾಲಿ ನಿನ್ನ ಬಿಡಲಿಲ್ಲ ನೋಡು," ಅಂದು ಅರಗಿನ ಗಡಿಗೆ ಎತ್ತಿಕೊಂಡು ನಡೆದ.

ಸಂಜೆ ಕಾಲು ತೊಳೆಯಲು ನೀರು ಕೊಡುತ್ತ ಅತ್ತಿ ಒಂದೇ ಮಾತು ಕೇಳಿದಳು, "ಕೈ?" ತೋರಿಸಿದೆ. ಅರಗು, ವಾರ್ನಿಶ್. "ಬಾ ಒಳಗ," ಅಂದಳು.

೧೦ ಅಕ್ಟೋಬರ್, ರವಿವಾರ

ಇವತ್ತು ಮಲಪ್ರಭೆಗೆ ಇಳಿಸಿದೆವು. ನೋಡಲು ಅರ್ಧ ಊರು. ದೂಡಿದ ಕೂಡಲೇ ಹಂಸದ ಹಾಗೆ ಕೂತಿತು. ಮಾವ ಮೀಸೆಗೆ ಕೈ ಹಾಕಿದರು. ಮೀಸೆಯಿಂದ ಕೈ ತೆಗೆಯುವಷ್ಟರಲ್ಲಿ ಒಳಗೆ ಮೊಣಕಾಲ ತನಕ ನೀರು.

ಹರಗೋಲಿನಲ್ಲಿ ಜನರನ್ನು ದಾಟಿಸುವ ಅಂಬಿಗರ ದುರ್ಗಪ್ಪ ನಡುಹೊಳೆಯಿಂದ ಕೂಗಿದ, "ಸಾವಕಾರ್ರ, ದೋಣಿ ನೀರಾಗ ಇಡತಾರ, ನೀರು ದೋಣ್ಯಾಗ ಇಡೂದಿಲ್ಲರಿ."

ಎಲ್ಲರೂ ನಕ್ಕರು. ಮಾವ ಮಾನಪ್ಪನನ್ನು ಬೈದರು. ಮಾನಪ್ಪ ಬೆಣೆಯ ಮೇಲೆ ಆಣೆ ಮಾಡಿದ. ನಾನು ನೀರಿನಲ್ಲೇ ಕೂತು ನೋಡಿದೆ. ಬೆಣೆ ಗಟ್ಟಿ ಇದ್ದವು. ನೀರು ಬರುತ್ತಿದ್ದದ್ದು ಹಲಗೆಗಳ ಸಂದಿಯಿಂದ. ಎಲ್ಲ ಸಂದಿಯಿಂದ.

ಯಾಕೆ?

ಅದೇ ದಿನ, ಸಂಜೆ

ಗೊತ್ತಾಯಿತು. ಮನೆಗೆ ಬರುವಾಗ ಹೊಂಡದಲ್ಲಿ ಯಾರದೋ ಬಂಡಿಯ ಗಾಲಿ ಬಿದ್ದಿತ್ತು. ಬಿಸಿಲಿಗೆ ಒಣಗಿ ಕಡ್ಡಿಗಳು ಸಡಿಲಾದರೆ ಗಾಲಿಯನ್ನು ನೀರಿಗೆ ಹಾಕುತ್ತೇವೆ. ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ಬಿಗಿಯಾಗುತ್ತದೆ. ಹಡಗು, ರೈಲು, ಬಂಡಿ — ದೋಣಿ ಇಷ್ಟು ದಿನ ಒಣಗಿದೆ. ಅದಕ್ಕೂ ನೀರಡಿಕೆ.

ಮಾವನಿಗೆ ಹೇಳಿದೆ. "ದೋಣಿ ಮುಳುಗಿಸಬೇಕ್ರಿ."

"ಏನಂದಿ?"

"ಬೇಕಂತನ ಮುಳುಗಿಸಬೇಕು. ಗಾಲಿ ಹಂಗ."

ಬಾಗಿಲ ಹೊರಗೆ ಇಣುಕಿ ಬಂದರು. "ಕತ್ತಲಾದ ಮ್ಯಾಲ ಮುಳುಗಸ್ರಿ," ಅಂದರು. "ದುರ್ಗಪ್ಪ ನೋಡಬಾರದು."

೧೬ ಅಕ್ಟೋಬರ್, ಶನಿವಾರ

ಎತ್ತಿದೆವು. ನೀರು ಚೆಲ್ಲಿದೆವು. ಕಾಯ್ದೆವು. ಒಂದು ಹನಿ ಬರಲಿಲ್ಲ. ಮಾವ ನನ್ನ ಬೆನ್ನ ಮೇಲೆ ಕೈ ಇಟ್ಟರು.

ಹುಟ್ಟು ಹಾಕಲು ಕಲಿಯುತ್ತಿದ್ದೇನೆ. ಹೋಗುವ ಕಡೆಗೆ ಬೆನ್ನು ಮಾಡಿ ಕೂರಬೇಕು. ಬಿಟ್ಟು ಬಂದದ್ದಷ್ಟೇ ಕಾಣುತ್ತದೆ. ಎರಡು ಸಲ ದಂಡೆಗೆ ಬಡಿದೆ. ದುರ್ಗಪ್ಪನಿಗೆ ಒಂದು ಸಲ ಕೊಟ್ಟೆ. ಹರಗೋಲಿನ ಅಭ್ಯಾಸ, ಅಲ್ಲೇ ಗಿರಗಿರ ತಿರುಗಿಸಿ, "ಇದಕ್ಕ ತಲಿ ಬಾಲ ಎರಡೂ ಐತಿ, ನಮಗ ಬಗೀಹರಿಯೂದಿಲ್ಲ," ಎಂದು ಇಳಿದ.

೧೯ ಅಕ್ಟೋಬರ್, ಮಂಗಳವಾರ

ತೂತಿನ ವಿಷಯ ತಲೆಯಿಂದ ಹೋಗಲಿಲ್ಲ. ನುಣ್ಣಗೆ ಕೊರೆದು, ಒಳಗೆ ವಾರ್ನಿಶ್ ಹಚ್ಚಿದವನು ಹುಚ್ಚನಲ್ಲ. ಇವತ್ತು ಒಬ್ಬನೇ ಹೋಗಿದ್ದೆ. ದಂಡೆಯ ಹತ್ತಿರ, ಆಳವಿಲ್ಲದ ಕಡೆ ನಿಲ್ಲಿಸಿ ಒಂದು ಬೆಣೆ ಕಿತ್ತೆ.

ನೀರು ಬುಗ್ಗೆಯಂತೆ ಎದ್ದಿತು. ಪೆಟ್ಟಿಗೆ ತುಂಬಿತು, ಏರಿತು, ಏರಿತು... ನಿಂತಿತು. ಹೊರಗೆ ಹೊಳೆ ಎಷ್ಟು ಎತ್ತರವೋ ಒಳಗೂ ಅಷ್ಟೇ. ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಪೆಟ್ಟಿಗೆಯ ಗೋಡೆ ದಾಟಿ ಹನಿಯೂ ಬರಲಿಲ್ಲ. ದೋಣಿ ಸ್ವಲ್ಪ ಕುಸಿಯಿತು, ಆದರೆ ಮುಳುಗಲಿಲ್ಲ. ಉಳಿದ ಬೆಣೆಗಳನ್ನೂ ಕಿತ್ತೆ. ಹಾಗೇ ತೇಲಿತು.

ದೋಣಿಯ ನಡುವೆ ಹೊಳೆಯ ಒಂದು ತುಂಡು. ಯಾಕೆ ಬೇಕು?

ನೋಡುತ್ತಲೇ ಕೂತೆ. ಒಂದು ಸಣ್ಣ ಮೀನಿನ ಮರಿ ತೂತಿನಿಂದ ಒಳಗೆ ಬಂತು. ಮೂಲೆಯಿಂದ ಮೂಲೆಗೆ ಸುತ್ತಿತು. ಆರಾಮವಾಗಿ. ಆಗ ತಿಳಿಯಿತು. ಹಿಡಿದ ಮೀನು ಸಾಯಬಾರದು. ಸಾಹೇಬ ಬೇಕೆಂದಾಗ ಮುಚ್ಚಳ ಎತ್ತಬೇಕು. ಅದಕ್ಕೆ ಈ ಪೆಟ್ಟಿಗೆ. ಮೀನು ತಿನ್ನದ ನಾವು ಅದನ್ನು ಬೆಣೆ ಹೊಡೆದು ಮುಚ್ಚಿದ್ದೆವು.

ಖುಷಿಯಿಂದ ಓಡುತ್ತ ಅಂಗಡಿಗೆ ಹೋಗಿ ಹೇಳಿದೆ. ಮಾವ ಕದ ಮುಂದೆ ಮಾಡಿದರು.

"ನಿಮ್ಮ ಅತ್ತೀ ಮುಂದ ಅನ್ನಬ್ಯಾಡ."

"ಕೇಳಿದ್ರ?"

"ಕೇಳೂದಿಲ್ಲ."

"ಕೇಳಿದ್ರರಿ?"

ಸಿಟ್ಟಾದರು. ನಾನು ಸಾಲೆ ಬಿಟ್ಟದ್ದೂ ಇಂಥದ್ದಕ್ಕೇ. ಲೆಕ್ಕವನ್ನು ಇಷ್ಟು ಬೇಗ ಹೇಗೆ ಬಿಡಿಸಿದಿರಿ ಎಂದು ಸಾಲೆ ನೋಡಲು ಬಂದ ಇನ್‌ಸ್ಪೆಕ್ಟರ್ ಕೇಳಿದರು. ನಿನ್ನೆಯೇ ಮಾಸ್ತರರು ಉತ್ತರ ಬರೆಸಿದ್ದರು ಎಂದೆ. ಕೇಳಿದರಲ್ಲ.

ಸಂಜೆ: "ಕೈ?" ತೋರಿಸಿದೆ. ಮರಿಯನ್ನು ಮುಟ್ಟಿರಲಿಲ್ಲ. ಅದು ತಾನೇ ಬಂದು ತಾನೇ ಹೋಯಿತು.

೨೫ ಅಕ್ಟೋಬರ್, ಸೋಮವಾರ

ದೋಣಿಗೆ ಪೂಜೆ. ಹೊಸ ಬಂಡಿಗೆ ಮಾಡಿದ ಹಾಗೆ. ಬೆಳಿಗ್ಗೆ ಮಾವ ದೋಣಿಯನ್ನು ದಂಡೆಯ ಮೇಲೆ ಎಳೆಸಿದ್ದರು, ಪೆಟ್ಟಿಗೆ ಒಣಗಿತ್ತು. ಮಠದ ಅಯ್ಯನವರು ಬಂದರು. ಮಾವಿನ ಎಲೆ, ಕಾಯಿ, ವಿಭೂತಿ. ಅತ್ತಿ ಎಲ್ಲರಿಗೂ ಹೊಳೆಯ ದಂಡೆಯಲ್ಲೇ ಊಟವೆಂದು ರೊಟ್ಟಿ ಬುತ್ತಿ ತಂದಿದ್ದಳು. ಮುಚ್ಚಳ ಎತ್ತಿ ನೋಡಿದಳು.

"ಇದೇನು, ಬುತ್ತಿ ಇಡೂ ಜಾಗಾನ?"

"ಹೂಂ, ಬುತ್ತೀದ," ಅಂದರು ಮಾವ, ತಟ್ಟನೆ. "ತೂತು ಗಾಳಿ ಆಡಾಕ. ರೊಟ್ಟಿ ಹಳಸೂದಿಲ್ಲ."

ಅತ್ತಿ ಬುತ್ತಿ ಇಟ್ಟು ಮುಚ್ಚಿದಳು. ನನ್ನ ಕಡೆ ನೋಡಿದಳು.

"ಹೌದೇನೋ ಉಳವಪ್ಪಾ?"

ಮಾವ ಕೆಮ್ಮಿದರು. ನಾನು ಮಾವಿನ ಎಲೆಯನ್ನು ನೋಡಿದೆ, ಮತ್ತೆ ಅತ್ತಿಯನ್ನು ನೋಡಿದೆ.

"ದೋಣಿ ಇಳಿಸಿದ್ರ ರೊಟ್ಟಿ ತೊಯ್ತಾವ ಅತ್ತಿ. ಆ ತೂತು ಹೊಳಿ ನೀರು ಒಳಗ ಬರಾಕ. ಹಿಡದ ಮೀನ ಜೀವಂತ ಇರಲಿ ಅಂತ."

ಕಾಯಿ ಒಡೆಯಲು ಎತ್ತಿದ್ದ ಅಯ್ಯನವರ ಕೈ ಕೆಳಗೆ ಬಂತು.

"ಎಷ್ಟೋ ಬಂಡಿಗೆ ಪೂಜಿ ಮಾಡೀನಿ ನಿಜಗುಣಪ್ಪಾ," ಅಂದರು ಅಯ್ಯನವರು. "ಏನ ಹೊರತೈತಿ ಅಂತ ಒಂದಕ್ಕೂ ಕೇಳಿಲ್ಲ. ಕಿವ್ಯಾಗ ಬಿದ್ದ ಮ್ಯಾಲ ಆಗೂದಿಲ್ಲಪ್ಪಾ." ಸಿಟ್ಟಿರಲಿಲ್ಲ. ಕಾಯಿಯನ್ನು ನನ್ನ ಕೈಗೇ ಕೊಟ್ಟು ಹೋದರು.

ಅತ್ತಿ ಬುತ್ತಿ ತೆಗೆದುಕೊಂಡು ಮನೆಗೆ ನಡೆದಳು. ಮಾವನ ಕಡೆ ತಿರುಗಿ ನೋಡಲಿಲ್ಲ.

೨ ನವೆಂಬರ್

ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅತ್ತಿ ಮಾವನ ಜೊತೆ ಬಿಟ್ಟಿದ್ದಾಳೆ. ಉಪ್ಪು ಬೇಕಾದರೆ ಮಾವ ನನ್ನನ್ನು ನೋಡುತ್ತಾರೆ, ನಾನು ಅತ್ತಿಯನ್ನು ಕೇಳುತ್ತೇನೆ.

ದೋಣಿಗೆ ಕೈ ಹಚ್ಚಲು ಆಳುಗಳು ಒಲ್ಲೆ ಅನ್ನುತ್ತಾರೆ, ಪೂಜೆ ಆಗಿಲ್ಲವಂತೆ. ದಂಡೆಯ ಮೇಲೆಯೇ ಬಿಸಿಲಿನಲ್ಲಿ ಬಿದ್ದಿದೆ. ಹೀಗೇ ಬಿಟ್ಟರೆ ಸಂದಿ ಮತ್ತೆ ಬಾಯಿ ಬಿಡುತ್ತದೆ. ಬೆಳಿಗ್ಗೆ, ಸಂಜೆ ಕೊಡದಿಂದ ನೀರು ಹೊತ್ತು ಸುರಿಯುತ್ತೇನೆ. ಗೋಣಿಚೀಲ ತೊಯ್ಸಿ ಹೊದಿಸುತ್ತೇನೆ.

ಯಾಕೆ ಮಾಡುತ್ತೇನೆ? ದೋಣಿ ಏನು ಮಾಡಿತು?

೪ ನವೆಂಬರ್, ಗುರುವಾರ

ಬೆಳಿಗ್ಗೆ ಹೋಗಿ ಗೋಣಿ ತೆಗೆದರೆ ದೋಣಿಯ ಮೂತಿಯ ಮೇಲೆ ಮೂರು ಗೆರೆ ವಿಭೂತಿ. ಮಾವನನ್ನು ಕೇಳಿದೆ. ಬೆರಗಾದರು. ಅಯ್ಯನವರು ಊರಲ್ಲೇ ಇಲ್ಲ.

ಬೆರಳಿನ ಅಗಲ ನೋಡಿದೆ. ನನ್ನ ಹಣೆಗೆ ಎಷ್ಟೋ ವರ್ಷ ಹಚ್ಚಿದ ಬೆರಳು. ಆಳುಗಳು ನೋಡಿ, ಸುಮ್ಮನೆ ಬಂದು ದೂಡಿದರು.

ಸಂಜೆ ಅತ್ತಿ, "ಕೈ?" ಅಂದಳು. "ನಿಂದು ತೋರಸು," ಅಂದೆ. ಚೊಂಬಿನ ನೀರನ್ನು ನನ್ನ ಮುಖಕ್ಕೇ ಎರಚಿದಳು.

೨೦ ನವೆಂಬರ್, ಶನಿವಾರ

ಸಾಹೇಬ ಕಟಕೋಳದ ಕಡೆಯಿಂದ ಕುದುರೆ ಮೇಲೆ ಬಂದ. ದಂಡೆಯ ಹುಣಸೆಯ ಕೆಳಗೆ ಡೇರೆ. ನಾಳೆ ಬೆಳಿಗ್ಗೆ ಹೊಳೆಗೆ. ಹುಟ್ಟು ಹಾಕುವವನು ನಾನೊಬ್ಬನೇ. ಮಾವ ಕಡೆಗೂ ಮಾತಾಡಿದರು.

"ಸಾಹೇಬ ಕೇಳಿದ್ದಕ್ಕ ಖರೇ ಹೇಳು. ಕೇಳಲಾರದ್ದಕ್ಕ ಹೋಗಬ್ಯಾಡ. ಕೈ ಮುಗೀತೇನಿ."

ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು, "ಹುಟ್ಟು ಹಾಕು. ಹುಟ್ಟು ಕಟಗಿ. ಕಟಗಿ ಮುಟ್ಟಿದ್ರ ಏನಿಲ್ಲ."

೨೧ ನವೆಂಬರ್, ರವಿವಾರ, ದೀಪ ಹಚ್ಚುವ ಹೊತ್ತು

ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಇನ್ನೂ ಒಳಗೆ ಹೋಗಿಲ್ಲ.

ಸಾಹೇಬ ಮುಚ್ಚಳ ಎತ್ತಿ ನೋಡಿ, ಬೆರಳು ನೀರಿಗೆ ಅದ್ದಿ ಮಗುವಿನಂತೆ ನಕ್ಕ. ಮಾವನ ಹೆಗಲು ತಟ್ಟಿದ. ಈ ವರ್ಷ ಇಲ್ಲೇ, ಮುಂದಿನ ವರ್ಷವೂ ಇಲ್ಲೇ ಅಂದ. ಮಾವ ಗೆದ್ದರು.

ಮಡುವಿನಲ್ಲಿ ಬಹಳ ಹೊತ್ತು ಕಾದೆವು. ಆಮೇಲೆ ಸಾಹೇಬನ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು. ಒಂದು ಮೀನು, ನನ್ನ ಮೊಳದಷ್ಟು. ಸಾಹೇಬ ಕೈ ತೊಯ್ಸಿಕೊಂಡೇ ಗಾಳ ಬಿಡಿಸಿ ಪೆಟ್ಟಿಗೆಗೆ ಬಿಟ್ಟ. ನನಗೆ ಮುಟ್ಟಲು ಹೇಳಲಿಲ್ಲ.

ಮಧ್ಯಾಹ್ನ ಸಾಹೇಬ, ಮಾವ ಇಬ್ಬರೂ ಡೇರೆಗೆ ಹೋದರು. ದೋಣಿಯಲ್ಲಿ ನಾನೊಬ್ಬನೇ. ಮುಚ್ಚಳ ಎತ್ತಿದೆ.

ನೀರು ಬರುವ ತೂತಿಗೆ ಮುಖ ಮಾಡಿ ನಿಂತಿತ್ತು. ಈಜುತ್ತಿರಲಿಲ್ಲ, ಸುಮ್ಮನೆ ಇತ್ತು. ಕಿವಿಯ ಹತ್ತಿರ ಬಾಗಿಲಿನಂಥದ್ದು ತೆರೆದು ಮುಚ್ಚುತ್ತಿತ್ತು. ಕಣ್ಣಿಗೆ ರೆಪ್ಪೆ ಇಲ್ಲ — ಇದು ನನಗೆ ಗೊತ್ತಿರಲಿಲ್ಲ. ದುರ್ಗಪ್ಪ ಮೀನು ಲೋಳೆ ಅನ್ನುತ್ತಾನೆ. ನನಗೆ ಗಾಜಿನ ಹಾಗೆ ಕಂಡಿತು. ಯಾವುದು ನಿಜ?

ಇದನ್ನು ಸರಿಯಾಗಿ ಬರೆಯಬೇಕು. ಯಾರೂ ಹೇಳಲಿಲ್ಲ. ಯಾರೂ ನೋಡಲಿಲ್ಲ. ಕಾಲು ಜಾರಲಿಲ್ಲ. ಮೀನಿನ ಮೇಲೆ ಕೈ ನಾನೇ ಇಟ್ಟೆ.

ಒಳಗೆ ರೊಟ್ಟಿಯ ವಾಸನೆ. ಹೆಸರುಕಾಳಿನ ಒಗ್ಗರಣೆ. ನೀರಿನ ಚೊಂಬು ಬಾಗಿಲಲ್ಲಿ ಆಗಲೇ ಇಟ್ಟಿದ್ದಾಳೆ.

"ಉಳವಪ್ಪಾ, ಕೈ?"

ಬಂದೆ, ಅಂದೆ. ಹೇಳುತ್ತೇನೆ. ಹೇಳಿದ ಮೇಲೆ ಅವಳ ಮುಖವೇ ಕಣ್ಣಲ್ಲಿ ಇರುತ್ತದೆ, ಮುಟ್ಟಿದ್ದು ಉಳಿಯುವುದಿಲ್ಲ. ಹೇಗಿತ್ತೆಂದು ಮೊದಲು ಬರೆದಿಡಬೇಕು. ತಣ್ಣಗಿತ್ತು. ಹೊಳೆಗಿಂತ ಹೆಚ್ಚಲ್ಲ, ಹೊಳೆಯಷ್ಟೇ. ಲೋಳೆ ಹೌದು, ಗಾಜೂ ಹೌದು. ನೀರೇ ಗಟ್ಟಿಯಾಗಿ ಕೈಗೆ ಬಂದ ಹಾಗೆ. ಬಳೆಯ ಸಪ್ಪಳ ಹೊಸ್ತಿಲ ತನಕ ಬಂತು. ಆಮೇಲೆ ಮೀನು ನನ್ನ ಬೆರಳುಗಳ ನಡುವೆ ಒಂದು ಸಲ —