ಆವರಣದೊಳಗಿನ ಗದ್ದಲ

ಮಾರ್ಚ್ 4, ಸಂಜೆ 6

ಇವತ್ತು ಹನ್ನೊಂದು ಪಾಳಿ. ಬೆರಳು ಮರಗಟ್ಟಿವೆ. ಸದನದಲ್ಲಿ ಸಭಾಪತಿ ಪೀಠದ ಕೆಳಗಿನ ಮೇಜಿನಲ್ಲಿ ಐದು ನಿಮಿಷ ಶೀಘ್ರಲಿಪಿ, ಎದ್ದು ಹೋಗಿ ಟೈಪ್, ಮತ್ತೆ ವಾಪಸ್. ಇಪ್ಪತ್ತಾರು ವರ್ಷದಿಂದ ಇದೇ. ಕಣ್ಣು ಮುಚ್ಚಿದ್ದರೂ ಯಾವ ಕೆಮ್ಮು ಯಾವ ಸದಸ್ಯರದು ಅಂತ ಹೇಳಬಲ್ಲೆ.

ಜಗಳ ಒಂದು ಮಸೂದೆಗಾಗಿ. ಕೆಳಮನೆ ಪಾಸು ಮಾಡಿ ಕಳಿಸಿದ್ದು. ನಮ್ಮ ಮೇಲ್ಮನೆ ಅದನ್ನು ಕೊಲ್ಲುವಂತಿಲ್ಲ, ನಾಲ್ಕು ತಿಂಗಳು ತಡ ಮಾಡಬಹುದು ಅಷ್ಟೆ. ಅವರು ಅಡುಗೆ ಮಾಡಿ ಕಳಿಸುತ್ತಾರೆ, ನಾವು ಉಪ್ಪಿಲ್ಲ ಅಂತ ವಾಪಸ್ ಕಳಿಸುತ್ತೇವೆ, ಅವರು ಅದನ್ನೇ ಬಿಸಿ ಮಾಡಿ ತರುತ್ತಾರೆ. ಇಷ್ಟಕ್ಕೆ ಈ ಪಾಟಿ ಕೂಗಾಟ.

ಮೇಷ್ಟ್ರು ಇಪ್ಪತ್ತೆರಡು ನಿಮಿಷ ಮಾತಾಡಿದರು. ಶಿಕ್ಷಕರ ಕ್ಷೇತ್ರದಿಂದ ಗೆದ್ದವರು, ಜೇಬಿನಲ್ಲಿ ಇನ್ನೂ ಕೆಂಪು ಪೆನ್ನು. ನಮ್ಮ ಮನೆ ಎಂದೂ ವಿಸರ್ಜನೆ ಆಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನಿವೃತ್ತಿ. ಜೂನ್‌ನಲ್ಲಿ ಇವರ ಸರದಿ. ಮತ್ತೆ ಟಿಕೆಟ್ ಸಿಗುವ ಬಗ್ಗೆ ಪಕ್ಷ ತುಟಿ ಬಿಚ್ಚಿಲ್ಲ. ಅದಕ್ಕೇ ಬಾಯಿ ಜಾಸ್ತಿ.

ಕರಡು ಕಳಿಸಿದೆ. ಪದ್ಧತಿ: ಆಡಿದ ಮಾತಿನ ಟೈಪ್ ಪ್ರತಿ ಸಂಜೆಯೇ ಸದಸ್ಯರಿಗೆ ಹೋಗುತ್ತೆ. ಅವರು ತಿದ್ದಿ, ಪುಟಪುಟಕ್ಕೂ ಸಹಿ ಹಾಕಿ ಕೊಡಬೇಕು. ಸಹಿಯಾದದ್ದೇ ಸತ್ಯ. ತಿದ್ದಬಹುದು, ಸೇರಿಸುವಂತಿಲ್ಲ. ಮೇಷ್ಟ್ರು ಸೇರಿಸದ ದಿನವೇ ಇಲ್ಲ. ಆಡದ ಮಾತನ್ನೆಲ್ಲ ಬರೆದುಕೊಂಡು ಬರುತ್ತಾರೆ. ನಾವು ಕ್ಯಾಂಟೀನಿನಲ್ಲಿ ಓದಿ ನಗುತ್ತೇವೆ.

ನನ್ನ ತಮ್ಮ ಸದನದ ಬಾಗಿಲ ಹತ್ತಿರ ಬಿಳಿ ಯೂನಿಫಾರ್ಮಿನಲ್ಲಿ ಗಂಟೆಗಟ್ಟಲೆ ನಿಂತಿದ್ದ. ಸದನದಲ್ಲಿ ಅವನ ಹೆಸರು ಕಂಬ. ಮಾರ್ಷಲ್ ಕೆಲಸಕ್ಕೆ ಅರ್ಜಿ ತುಂಬಿಸಿದವಳು ನಾನೇ.

ಮಾರ್ಚ್ 5, ರಾತ್ರಿ

ಬರೆಯಬೇಕು.

11.38. ನನ್ನ ಪಾಳಿ. ಉಪಸಭಾಪತಿ ಮಸೂದೆಯನ್ನು ಮತಕ್ಕೆ ಹಾಕಲು ಎದ್ದರು. ಮಸೂದೆ ತಡೆಯಲು ಮೇಷ್ಟ್ರ ಕಡೆ ಒಂದು ಮತ ಕಮ್ಮಿ. ಮತ ನಡೆದರೆ ಸೋಲು. ಅದಕ್ಕೇ ನಡೆಯಬಾರದು. ಇಡೀ ಸಾಲು ಎದ್ದು ಪೀಠಕ್ಕೆ ನುಗ್ಗಿತು. ಉಪಸಭಾಪತಿಯ ಕೊರಳಪಟ್ಟಿಗೆ ಕೈ. ಕನ್ನಡಕ ನನ್ನ ಮೇಜಿನ ಮೇಲೆ ಬಿತ್ತು. ಮಾರ್ಷಲ್‌ಗಳು ಅಡ್ಡ ನಿಂತರು, ನನ್ನ ತಮ್ಮ ಎಲ್ಲರಿಗಿಂತ ಮುಂದೆ. ಮಾರ್ಷಲ್ ಸದಸ್ಯರನ್ನು ಎತ್ತಿಕೊಂಡು ಹೋಗಬಹುದು, ಅವರ ಮೇಲೆ ಕೈ ಎತ್ತುವಂತಿಲ್ಲ.

11.41. ನನ್ನಿಂದ ಎರಡು ಮಾರು ದೂರದಲ್ಲಿ ಮೇಷ್ಟ್ರು. ಮೈಕ್ ಕಟ್ ಆಗಿತ್ತು, ನನ್ನ ಕಿವಿ ಆಗಿರಲಿಲ್ಲ.

"ಎಳೀರಿ ಅವನ್ನ. ಅಡ್ಡ ಬಂದ್ರೆ ಹೊಡೀರಿ, ನಾನಿದೀನಿ."

ಅವರ ಸಾಲಿನ ಇಬ್ಬರು ಮೈಕಿನ ಕಬ್ಬಿಣದ ಕಂಬಿ ಕಿತ್ತರು. ಮೊದಲ ಏಟು ಹೆಗಲಿಗೆ. ಎರಡನೆಯದು ಕಿವಿಯ ಮೇಲೆ. ತಮ್ಮ ಮಂಡಿಯೂರಿದ. ಮೂರನೆಯದು ನೆತ್ತಿಗೆ. ಆ ಸದ್ದು... ಬಿದ್ದವನ ಪಕ್ಕೆಗೆ ಬೂಟು ಹಾಕಿದರು. ಬಿಳಿ ಬಟ್ಟೆ ನೋಡನೋಡುತ್ತ ಕೆಂಪಾಯಿತು.

11.44. ಉಪಸಭಾಪತಿ ನೆಲದ ಮೇಲಿಂದಲೇ ಸದನ ಮುಂದೂಡಿದರು.

ನಾನೇನು ಮಾಡಿದೆ? ಗದ್ದಲವಾದರೆ ಆವರಣ ಹಾಕು, ಒಳಗೆ 'ಗದ್ದಲ' ಅಂತ ಬರೆ, ಕಾಗದದಿಂದ ಪೆನ್ನೆತ್ತು. ಇದು ಮೊದಲ ದಿನ ಕಲಿತ ಪಾಠ. ತಮ್ಮನ ತಲೆ ಒಡೆಯುತ್ತಿರುವಾಗ ನನ್ನ ಕೈ ಆವರಣ ಹಾಕಿ, ಬರೆದು, ಮುಚ್ಚಿ, ಪೆನ್ನೆತ್ತಿತು. ನಾಚಿಕೆಯಾಗುತ್ತೆ.

ಏಳು ಹೊಲಿಗೆ. ಆಸ್ಪತ್ರೆಯವರು ಮನೆಗೆ ಕಳಿಸಿದರು. ಆಟೋದಲ್ಲಿ ಅವನೇ ತಮಾಷೆ ಮಾಡಿದ. "ಅಕ್ಕ, ಸದಸ್ಯರಲ್ಲದವರ ಮಾತು ಕಡತಕ್ಕೆ ಹೋಗಲ್ಲ ಅಲ್ವಾ? ಗೊತ್ತಿದ್ರೆ ಅಲ್ಲೇ ಬಾಯ್ತುಂಬ ಬೈದ್ಬಿಡ್ತಿದ್ದೆ."

ಮಾರ್ಚ್ 6, ಸಂಜೆ 5

ಮೇಷ್ಟ್ರ ಕರಡು ವಾಪಸ್ ಬಂತು. ನಂಬಲಾಗಲಿಲ್ಲ, ಮೂರು ಸಲ ಓದಿದೆ. ನಾನು ಟೈಪ್ ಮಾಡಿದ್ದ 'ಗದ್ದಲ'ಕ್ಕೆ ಕೆಂಪು ಗೀಟು. ಪಕ್ಕದಲ್ಲಿ ಅವರದೇ ದುಂಡು ಅಕ್ಷರ: "ಎಳೆಯಿರಿ ಅವನನ್ನು. ಅಡ್ಡ ಬಂದರೆ ಹೊಡೆಯಿರಿ, ನಾನಿದ್ದೇನೆ (ಎಂದು ನಾನೇ ಮೊದಲು ಕರೆ ಕೊಟ್ಟಾಗ ಇಡೀ ಸಾಲು ನನ್ನೊಂದಿಗೆ ಎದ್ದಿತು)." ಕೆಳಗೆ ಸಹಿ, ತಾರೀಖು.

ಟಿಕೆಟ್ ಹಂಚುವವರು ನಡಾವಳಿ ತರಿಸಿ ಓದುತ್ತಾರಂತೆ. ಅವರ ಕಣ್ಣಿಗೆ ಬೀಳಲಿ ಅಂತ ಇಷ್ಟೆಲ್ಲ. ಮಾರ್ಷಲ್‌ಗೆ ಏಳು ಹೊಲಿಗೆ ತಾನೇ, ಏನು ಮಹಾ ಅಂದುಕೊಂಡಿರಬೇಕು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಈ ಮನುಷ್ಯ ಪೆನ್ನು ಬಿಟ್ಟು ಬಣ್ಣಗೆಟ್ಟರು. ಎಂದಿನ ಹಾಗೆ ನಕ್ಕೆ.

ಇನ್ನೂ ನಗುತ್ತಿದ್ದಾಗ ತಮ್ಮನ ಹೆಂಡತಿಯ ಫೋನ್. ಒಂದೇ ಸಮ ವಾಂತಿಯಂತೆ. ಅವಳನ್ನೇ ಯಾರು ನೀನು ಅಂತ ಕೇಳುತ್ತಿದ್ದಾನಂತೆ. ಪುಟವನ್ನು ಬ್ಯಾಗಿಗೆ ಹಾಕಿಕೊಂಡು ಓಡಿದೆ.

ಮಾರ್ಚ್ 10

ನಿನ್ನೆ ಬೆಳಿಗ್ಗೆ ಹೋದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತಂತೆ. ಮೂವತ್ತೆಂಟು ವರ್ಷ. ಅಮ್ಮ ಸತ್ತ ಮೇಲೆ ನಾನೇ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ ಬಾಚಿದ ತಲೆ ಅದು.

ಬೇರೇನೂ ಬರೆಯಲಾರೆ.

ಮಾರ್ಚ್ 12, ಮಧ್ಯಾಹ್ನ

ಸದನದ ಕಾರ್ಯದರ್ಶಿಗಳು ಕರೆಸಿದರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಹೇಳಿದರು: ಸದನ 11.40ಕ್ಕೇ ಮುಂದೂಡಿಕೆಯಾಗಿದೆ, ಮಾರ್ಷಲ್ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಾನೆ. ಮೇಷ್ಟ್ರ ಕರಡಿನ ಒಂದು ಪುಟ ಸಿಗುತ್ತಿಲ್ಲ, ಹುಡುಕಿಕೊಡಿ. ಹೊಸದು ಟೈಪ್ ಮಾಡಿ, 'ಗದ್ದಲ' ಇದ್ದರೆ ಸಾಕು.

ಹುಡುಕುತ್ತೇನೆ ಅಂದೆ. ಮೇಜಿನ ಮೇಲೆ ಹಿತ್ತಾಳೆಯ ಪೇಪರ್‌ವೇಟ್ ಇತ್ತು. ಅದನ್ನೆತ್ತಿ ಅವರ ಹಲ್ಲಿಗೆ ಹೊಡೆಯುವ ಮನಸ್ಸಾಯಿತು. ನಿಜವಾಗಿ ಆಯಿತು.

ಮಾರ್ಚ್ 14

ಎಡಗೈ ಬರಹ. ಅಕ್ಷರ ಸೊಟ್ಟ.

ನಿನ್ನೆ ದಾಖಲೆ ಕೋಣೆಯ ಬಾಗಿಲಲ್ಲಿ ಇಬ್ಬರು. ಒಬ್ಬ ನನ್ನ ಬಲಗೈಯನ್ನು ಚೌಕಟ್ಟಿಗೆ ಒತ್ತಿ ಹಿಡಿದ, ಇನ್ನೊಬ್ಬ ಬಾಗಿಲು ಹಾಕಿದ. ಎರಡು ಸಲ. ಮೂರು ಬೆರಳು ಮುರಿದಿವೆ. ಕಾರಿಡಾರಿನ ತುದಿಯಲ್ಲಿ ಮೇಷ್ಟ್ರು ನಿಂತಿದ್ದರು. "ಬರೆಯೋ ಕೈ ತಾಯಿ, ಜೋಪಾನ. ಪುಟ ಕೊಟ್ಬಿಡಿ," ಅಂದರು. ಮಕ್ಕಳಿಗೆ ಪಾಠ ಹೇಳುವ ದನಿ.

ಬೆರಳಿಗೆ ಪಟ್ಟಿ ಹಾಕಿಸಿ ಸೀದಾ ತಮ್ಮನ ಮನೆಗೆ ಹೋದೆ. ಅವನ ಹೆಂಡತಿಗೆ ಪುಟ ತೋರಿಸಿದೆ. ಓದಿದಳು. ಕೆನ್ನೆಗೆ ಬಾರಿಸಿದಳು. ಒಂದು ವಾರದಿಂದ ಮುಚ್ಚಿಟ್ಟುಕೊಂಡು ತಿರುಗಿದಿರಾ ಅಂತ ಕೇಳಿದಳು. ಹೆದರಿಕೆಯಾಯಿತು ಅಂದೆ. ಅದೇ ನಿಜ. ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತೆವು.

ನಾಳೆ ಮ್ಯಾಜಿಸ್ಟ್ರೇಟರ ಕೈಗೇ ಕೊಡುತ್ತಾಳೆ. ಅವಳ ಮೇಲೆ ಯಾರ ಕಣ್ಣೂ ಇಲ್ಲ. ಕಣ್ಣೆಲ್ಲ ನನ್ನ ಮೇಲೆ.

ಮಾರ್ಚ್ 15, ಮಧ್ಯಾಹ್ನ 3.40

ಬೆಳಿಗ್ಗೆಯೇ ಹೋಗಿದ್ದಾಳೆ. ಇನ್ನೂ ಕರೆದಿಲ್ಲವಂತೆ, ಬೆಂಚಿನ ಮೇಲೆ ಕೂತಿದ್ದಾಳೆ.

3.52. ನನ್ನ ಮನೆ ಮುಂದೆ ಜೀಪು. ನಾಲ್ವರು ಇಳಿದರು. ಐದನೆಯವರು ಮೇಷ್ಟ್ರು. ತಾವೇ ಬಂದಿದ್ದಾರೆ.

3.54. ಠಾಣೆಗೆ ಫೋನ್ ಮಾಡಿದೆ. ಸದಸ್ಯರು ಅಂದ ಕೂಡಲೇ 'ಮೇಲಿನವರನ್ನ ಕೇಳಿ ಬರ್ತೀವಿ' ಅಂದರು.

3.57. ಬಾಗಿಲು ಬಡಿಯುತ್ತಿದ್ದಾರೆ. ಪುಟ ಇಲ್ಲಿಲ್ಲ ಅಂತ ಹೇಳಿದರೆ ಎಲ್ಲಿದೆ ಅಂತ ಕೇಳುತ್ತಾರೆ, ಅವಳ ಹತ್ತಿರ ಹೋಗುತ್ತಾರೆ. ಒಳಗಿನಿಂದ ಕೂಗಿ ಹೇಳಿದೆ, ಹುಡುಕ್ತಾ ಇದೀನಿ ಸರ್, ಟ್ರಂಕಿನಲ್ಲಿದೆ, ಬೀಗದಕೈ ಸಿಗ್ತಿಲ್ಲ. ಮಂಚವನ್ನು ಬಾಗಿಲಿಗೆ ಒತ್ತರಿಸಿದ್ದೇನೆ. ತಡ ಮಾಡಬೇಕು, ಅಷ್ಟೇ. ನಮ್ಮ ಮೇಲ್ಮನೆಗೆ ಗೊತ್ತಿರುವುದು ಅದೊಂದೇ ಕೆಲಸ. ಇಪ್ಪತ್ತಾರು ವರ್ಷ ನೋಡಿ ಕಲಿತಿದ್ದೇನೆ.

4.03. ಕಿಟಕಿಯ ಗಾಜು ಹೋಯಿತು. ಕಂಬಿ ಗಟ್ಟಿಯಿದೆ. ಹಣೆಗೆ ಚೂರು ತಾಗಿದೆ. ಬೀಗದಕೈ ಸಿಕ್ತು ಸರ್, ಇದಲ್ಲ ಅನ್ಸುತ್ತೆ ಅಂದೆ.

4.09. ಅವಳ ಫೋನ್. "ಕೊಟ್ಟೆ ಅಕ್ಕ. ನನ್ನೆದುರಿಗೇ ಓದಿದ್ರು. ಸೀಲ್ ಹಾಕಿದ್ರು."

ಉಸಿರು ಬಂತು. ಇನ್ನು ನನ್ನ ಪಾಳಿ. ಐದು ನಿಮಿಷ.

4.11. ಮೇಷ್ಟ್ರು: "ಒದೀರಿ ಬಾಗ್ಲು. ಅಡ್ಡ ಬಂದ್ರೆ ಹೊಡೀರಿ, ನಾನಿದೀನಿ." ಅದೇ ದನಿ, ಅವೇ ಮಾತು. ಈ ಸಲ ಕಾಗದದಿಂದ ಪೆನ್ನೆತ್ತಿಲ್ಲ.

4.12. ಮೇಲಿನ ಚಿಲಕ ಕಿತ್ತು ಬಂತು. ಮಂಚ ಜರುಗುತ್ತಿದೆ. ಆವರಣ ಹಾಕುವುದಿಲ್ಲ. ಮೊದಲು ಒಳಗೆ ಬಂದವನು ಅವತ್ತು ಮೈಕಿನ ಕಂಬಿ ಹಿಡಿದವರಲ್ಲಿ ಒಬ್ಬ, ನೀಲಿ ಅಂಗಿ, ಬಲಗೈಯಲ್ಲಿ