ನಮ್ಮ ಮನೆಯವರು

ಹೊನ್ನಾಳಿ,
3 ಜನವರಿ 2026, ಶನಿವಾರ

ಪ್ರೀತಿಯ ಶಾಂತಾ,

‘ಆಶೀರ್ವಾದಗಳು’ ಎಂದು ಶುರು ಮಾಡಿದ್ದೆ, ಆ ಹಾಳೆ ಹರಿದು ಹಾಕಿದೆ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ‘ಪ್ರೀತಿಯ’ ಎಂದು ಬರೆದದ್ದು ಮದುವೆಯಾಗಿ ಮೂವತ್ತಾರು ವರ್ಷಕ್ಕೆ ಇದೇ ಮೊದಲು. ನಗಬೇಡ. ನಕ್ಕರೂ ನಿನ್ನ ತಂಗಿಗೆ ತೋರಿಸಬೇಡ, ಸುನೀತಾ ಜಗಳೂರಿಗೆಲ್ಲ ಡಂಗುರ ಹೊಡೆಯುತ್ತಾಳೆ.

ಇಲ್ಲಿ ನಾನು ಆರಾಮ. ಕರಿಬೇವಿನ ಗಿಡಕ್ಕೆ ದಿನ ಬಿಟ್ಟು ದಿನ ನೀರು ಹಾಕುತ್ತಿದ್ದೇನೆ. ನೀನು ಮಾಡಿಟ್ಟು ಹೋದ ಶೇಂಗಾ ಚಟ್ನಿಪುಡಿ ಮುಗಿದು ಹತ್ತು ದಿನವಾಯಿತು. ಡಬ್ಬಿ ತೊಳೆದಿಲ್ಲ, ವಾಸನೆಗಾದರೂ ಇರಲಿ ಎಂದು ಹಾಗೇ ಇಟ್ಟಿದ್ದೇನೆ. ಸುನೀತಾಳ ಕಾಲಿನ ಪ್ಲಾಸ್ಟರ್ ಬಿಚ್ಚಿದ್ದಾರೆ, ಗೋಡೆ ಹಿಡಿದು ಓಡಾಡುತ್ತಾಳೆ ಎಂದು ಕೇಳಿ ಸಮಾಧಾನವಾಯಿತು. ಹದಿನೈದು ದಿನಕ್ಕೆಂದು ಹೋದವಳು ಎರಡು ತಿಂಗಳು ಅವಳನ್ನು ಎತ್ತಿ, ಕೂರಿಸಿ, ಮಲಗಿಸಿ ನೋಡಿಕೊಂಡೆ. ನನಗಾಗಿದ್ದರೆ ಎರಡನೇ ದಿನಕ್ಕೇ ಸಿಡುಕು ಬಂದಿರುತ್ತಿತ್ತು.

ಕಾಗದ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಫೋನ್ ಇರುವಾಗ ಕಾಗದವೇಕೆ ಎಂದು ನೀನು ಕೇಳಿಯೇ ಕೇಳುತ್ತೀಯ. ಮೂವತ್ತಮೂರು ವರ್ಷ ಬಸ್ಸಿನಲ್ಲಿ ‘ಯಾರ್ರೀ ಟಿಕೆಟ್, ಮುಂದಕ್ಕೆ ಬರ್ರಿ’ ಎಂದು ಕೂಗಿದ ಗಂಟಲು ನನ್ನದು. ಕಂಡಕ್ಟರ್ ಕೆಲಸ ಬಿಟ್ಟು ಮೂರು ವರ್ಷವಾದರೂ ಅದು ಇಳಿದಿಲ್ಲ. ಉಪ್ಪು ಕೇಳಿದರೂ ಹಿಂದಿನ ಸೀಟಿಗೆ ಕೇಳಿಸುವ ಹಾಗೆ ಕೇಳುತ್ತೇನೆ ಎಂದು ನೀನೇ ಹೇಳುತ್ತಿದ್ದೆ. ಕೆಲವು ಮಾತು ಆ ದನಿಯಲ್ಲಿ ಆಡುವಂಥದ್ದಲ್ಲ. ಅದಕ್ಕೆ ಪೆನ್ನು ಹಿಡಿದೆ.

ಮೊನ್ನೆ ಫೋನಿನಲ್ಲಿ, ಎರಡು ಮೂರು ದಿನ ಎಲ್ಲಾದರೂ ಹೋಗಿ ಬರೋಣ, ಸೂಳೆಕೆರೆ ಹತ್ತಿರ ಒಂದು ಹೋಂಸ್ಟೇ ಇದೆ ಎಂದೆ ನಾನು. ‘ನೀವು ಹೋಗಿ ಬರ್ರಿ. ನಾನು ನೋಡೀನಿ ಆ ಕೆರೆನ’ ಎಂದೆ ನೀನು. ‘ಯಾವಾಗ ನೋಡಿದ್ದೆ ಅಕ್ಕ?’ ಎಂದು ಹಿಂದಿನಿಂದ ಸುನೀತಾ ಕೇಳಿದ್ದು ನನಗೂ ಕೇಳಿಸಿತು. ನೀನು ‘ಒಲೆ ಮೇಲೆ ಹಾಲಿಟ್ಟೀನಿ’ ಎಂದು ಫೋನ್ ಇಟ್ಟುಬಿಟ್ಟೆ. ಒಲೆ ಮೇಲೆ ಹಾಲು ಇರಲಿಲ್ಲ ಎಂದು ನನಗೆ ಗೊತ್ತು.

ಆದರೂ ನೀನು ಬರಬೇಕು ಶಾಂತಾ. ಈ ಕಾಗದ ಅದೊಂದಕ್ಕೇ.

ಜಾಗ ನೋಡದೆ ನಿನ್ನನ್ನು ಕರೆಯಬಾರದೆಂದು ಹೋದ ಭಾನುವಾರ ಗೌಸ್‌ಪೀರ್‌ನ ಬೈಕ್ ಹತ್ತಿ ಹೋಗಿ ಬಂದಿದ್ದೆ. ನಮ್ಮ ಡ್ರೈವರ್ ಗೌಸ್‌ಪೀರ್ ಬಸ್ಸಿನಲ್ಲಿ ಹೇಗಿದ್ದನೋ ಬೈಕಿನಲ್ಲೂ ಹಾಗೇ ಇದ್ದಾನೆ. ಎದುರಿಗೆ ಎಮ್ಮೆ ಬಂದರೂ ಅದಕ್ಕೆ ದಾರಿ ಬಿಟ್ಟು, ಸಲಾಂ ಹೇಳಿಯೇ ಮುಂದೆ ಹೋಗುವುದು. ಕತ್ತಲಗೆರೆಯಲ್ಲಿ ಚಹಾ ಕುಡಿದೆವು. ಅಲ್ಲಿಂದ ಹೊರಟು ಕೆರೆಯ ಏರಿಗೆ ಬಂದಾಗ ಇಳಿದು ನಿಂತೆ.

ಏನು ಹೇಳಲಿ! ದಾವಣಗೆರೆ–ಚನ್ನಗಿರಿ ರೂಟಿನಲ್ಲಿ ಆ ಏರಿಯನ್ನು ಎಷ್ಟು ಸಾವಿರ ಸಲ ದಾಟಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅಲ್ಲಿ ಬರುವ ಹೊತ್ತಿಗೆ ನಾನು ತಲೆ ಬಗ್ಗಿಸಿ ಟಿಕೆಟ್ ಹರಿಯುತ್ತಿದ್ದೆ. ತಲೆ ಎತ್ತಿ ನೋಡಿದ್ದು ಈಗ, ಅರವತ್ತಮೂರನೇ ವಯಸ್ಸಿಗೆ. ಎರಡು ಗುಡ್ಡದ ನಡುವೆ ಕಣ್ಣು ಹಾಯುವಷ್ಟು ದೂರ ನೀರು. ಆಚೆ ದಡ ಇದೆಯೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಬೆಳ್ಳಕ್ಕಿಗಳು, ನೀರುಕಾಗೆಗಳು, ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ. ಒಂದು ಮಿಂಚುಳ್ಳಿ ಕೆಳಗಿಳಿದು ಮೀನು ಕಚ್ಚಿಕೊಂಡು ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನನ್ನಂಥವನನ್ನು ನೋಡಿಯೇ ಹೇಳಿರಬೇಕು. ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಜನ ಹೇಳುವ ಕೆರೆ. ನಿನ್ನ ಹೆಸರಿನ ಕೆರೆ.

ಹೋಂಸ್ಟೇ ನಡೆಸುವವಳು ರಮ್ಯಶ್ರೀ ಎಂಬ ಹುಡುಗಿ, ಮೂವತ್ತರ ಆಸುಪಾಸು. ತಮ್ಮ ಮನೆಯ ಹಿಂದಿನ ಎರಡು ಕೋಣೆಯನ್ನು ಸುಣ್ಣ ಬಳಿದು, ಕಿಟಕಿ ದೊಡ್ಡದು ಮಾಡಿಸಿ ಬಂದವರಿಗೆ ಬಿಟ್ಟಿದ್ದಾಳೆ. ಅಡುಗೆ ಅವಳದೇ, ಲೆಕ್ಕ ಅವಳದೇ, ಬೆಳಗ್ಗೆ ಆರಕ್ಕೆ ಎಬ್ಬಿಸಿ ಹಕ್ಕಿ ತೋರಿಸಲು ಕರೆದುಕೊಂಡು ಹೋಗುವವಳೂ ಅವಳೇ. ಅವಳ ದಿಟ್ಟತನ ನೋಡಿ ಖುಷಿಯಾಯಿತು. ಹಾಸಿಗೆ ಮೇಲೆ ಕೌದಿ ಹಾಸಿದ್ದಳು. ಮುಟ್ಟಿ ನೋಡಿ, ‘ನಮ್ಮನೇಲಿ ಇದಕ್ಕಿಂತ ಸಣ್ಣ ಹೊಲಿಗೆ ಹಾಕ್ತಾರೆ’ ಎಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ‘ಹಂಗಾರೆ ಅವರು ಬಂದಾಗ ಕಲಿತೀನಿ ಬಿಡ್ರಿ’ ಎಂದಳು. ನೋಡು, ಹೋಗುವ ಮೊದಲೇ ನಿನಗೆ ಅಲ್ಲೊಬ್ಬ ಶಿಷ್ಯೆ.

ಅಲ್ಲೊಂದು ತಮಾಷೆಯೂ ನಡೆಯಿತು. ಮೊದಲು ಅವಳಿಗೆ ಫೋನ್ ಮಾಡಿದಾಗ, ‘ನಾನು, ನಮ್ಮ ಮನೆಯವರು ಬರ್ತೀವಿ’ ಎಂದಿದ್ದೆ. ಹೋಗಿ ನೋಡಿದರೆ ಎರಡೂ ಕೋಣೆ ನಮಗೇ ಎತ್ತಿಟ್ಟಿದ್ದಾಳೆ. ಏಳು ಹಾಸಿಗೆ! ಮಾವಿನ ಮರಕ್ಕೆ ಜೋಕಾಲಿ ಬೇರೆ.

‘ಇದೆಲ್ಲ ಯಾರಿಗಮ್ಮ?’ ಎಂದೆ.

‘ನಿಮ್ಮ ಮನೆಯವರಿಗೆ ಅಂಕಲ್. ಎಷ್ಟು ಜನ ಅಂತ ನೀವು ಹೇಳ್ಳಿಲ್ಲ. ಸಣ್ಣ ಮಕ್ಕಳೂ ಇರ್ತಾವೇನೋ ಅಂತ ಜೋಕಾಲಿ ಕಟ್ಟಿಸ್ದೆ.’

ಗೌಸ್‌ಪೀರ್ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಇವರ ಮನೆಯವರು ಅಂದ್ರೆ ಒಬ್ಬರೇ ಕಣಮ್ಮ. ನಮ್ಮ ಕಾಲದ ಗಂಡಸರಿಗೆ ಹೆಂಡ್ತಿ ಹೆಸರು ಹೇಳಾಕೆ ಬಾಯಿ ಬರಾಕಿಲ್ಲ’ ಎಂದ.

ರಮ್ಯಶ್ರೀಯೂ ನಕ್ಕಳು. ಆಮೇಲೆ ರಿಜಿಸ್ಟರ್ ತಂದು ಮುಂದಿಟ್ಟಳು. ‘ಇದ್ರಾಗೆ ಮನೆಯವರು ಅಂತ ಬರೆಯಂಗಿಲ್ಲ ಅಂಕಲ್. ಹೆಸರು ಬರೀರಿ. ಪಕ್ಕದಾಗೆ ಸಂಬಂಧ ಏನು ಅಂತ ಬರೀರಿ.’

ಶಾಂತಾದೇವಿ ಎಂದು ದುಂಡಗೆ ಬರೆದೆ. ಸಂಬಂಧದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಇಂಕು ಮುಗಿಯಿತೆಂದು ಆ ಹುಡುಗಿ ಬೇರೆ ಪೆನ್ನು ಕೊಟ್ಟಳು. ‘ಹೆಂಡತಿ’ ಎಂದು ಬರೆದು ಕೊಟ್ಟೆ. ಒಂದು ಕೋಣೆ ಸಾಕು, ಆದರೆ ಜೋಕಾಲಿ ಬಿಚ್ಚಬೇಡ ಎಂದು ಹೇಳಿ ಬಂದಿದ್ದೇನೆ.

ಈಗ ಕಾರ್ಯಕ್ರಮ ಕೇಳು. ಸಂಕ್ರಾಂತಿ ಮುಗಿಯಲಿ. ಹದಿನಾರನೇ ತಾರೀಖು ಶುಕ್ರವಾರ ಬೆಳಗ್ಗೆ ನಾನೇ ಜಗಳೂರಿಗೆ ಬರುತ್ತೇನೆ. ಅಲ್ಲಿಂದ ದಾವಣಗೆರೆ, ಅಲ್ಲಿಂದ ತ್ಯಾವಣಿಗೆ ಮೇಲೆ ಕೆರೆ. ಮಧ್ಯಾಹ್ನ ರಮ್ಯಶ್ರೀ ಮನೆಯಲ್ಲಿ ಮುದ್ದೆ ಊಟ, ಸಂಜೆ ಕೆರೆ. ಶನಿವಾರ ಬೆಳಗ್ಗೆ ಹಕ್ಕಿ, ಆಮೇಲೆ ಸಂತೇಬೆನ್ನೂರಿನ ಹೊಂಡ. ಸುತ್ತಲೂ ಮೆಟ್ಟಿಲು, ನಡುನೀರಿನಲ್ಲಿ ಮಂಟಪ, ಪಕ್ಕದಲ್ಲೇ ಮುಸಾಫಿರ್‌ಖಾನೆ. ಬೈಕಿನಲ್ಲಿ ಹೋದ ದಿನ ಅದರ ಮುಂದೆ ನಿಂತು ಗೌಸ್‌ಪೀರ್ ನನಗೊಂದು ಚುಚ್ಚಿದ. ‘ಮುಸಾಫಿರ್ ಅಂದ್ರೆ ಪ್ರಯಾಣಿಕ ಷಣ್ಮುಖಣ್ಣ. ನಿಮ್ಮಂಥೋರಿಗೆ ಕಟ್ಟಿಸಿದ್ದಲ್ಲ ಇದು. ನೀವು ಊರೂರು ತಿರುಗಿದೋರು, ಒಂದೂರಾಗೂ ಇಳಿದೋರಲ್ಲ.’

ಮಾತು ನಿಜ. ಭಾನುವಾರ ಚನ್ನಗಿರಿ ಕೋಟೆ ಹತ್ತಬೇಕೆಂದಿದೆ. ನಿನ್ನ ಮಂಡಿ ಬೇಡ ಎಂದರೆ ಕೆಳಗೇ ಕೂತು ಮಂಡಕ್ಕಿ ತಿನ್ನೋಣ. ನ್ಯಾಮತಿ ಕಡೆಯ ತೀರ್ಥರಾಮೇಶ್ವರಕ್ಕೂ ಹೋಗೋಣ ಎಂದು ಮೊದಲು ಬರೆದುಕೊಂಡಿದ್ದೆ, ಆಮೇಲೆ ಹೊಡೆದು ಹಾಕಿದೆ. ಎಲ್ಲ ಒಂದೇ ಸಲ ನೋಡಿದರೆ ಅದೂ ಬಸ್ ಟ್ರಿಪ್ಪಿನ ಹಾಗೇ ಆಗುತ್ತದೆ. ಈ ಸಲ ಇಳಿದು ನಿಂತು ನೋಡೋಣ.

ಒಂದು ವಿಷಯ. ಸರ್ಕಾರಿ ಬಸ್ಸಿನಲ್ಲಿ ನಿನಗೆ ಫ್ರೀ ಎಂದು ಗೊತ್ತು. ಆದರೂ ನಾವು ಪ್ರೈವೇಟ್ ಬಸ್ಸಿನಲ್ಲೇ ಹೋಗೋಣ. ನಿನಗೆ ಟಿಕೆಟ್ ತೆಗೆಸಬೇಕು, ನಾನೇ ತೆಗೆಸಬೇಕು.

ಗೌಸ್‌ಪೀರ್‌ನ ಹೆಂಡತಿ ಮಜೀದಾ ನಿನಗೆಂದು ಮೆಂತ್ಯದ ಉಪ್ಪಿನಕಾಯಿ ಕಳಿಸಿದ್ದಾಳೆ, ಬರುವಾಗ ತರುತ್ತೇನೆ. ‘ಅಕ್ಕ ಇಲ್ದೆ ಓಣಿ ಬಿಕೋ ಅಂತೈತೆ, ಬೇಗ ಕರ್ಕಂಡ್ ಬರ್ರಿ ಭಾಯ್’ ಎಂದು ದಿನಾ ನನ್ನನ್ನೇ ಬೈಯುತ್ತಾಳೆ. ಸುನೀತಾಗೆ ನನ್ನ ಆಶೀರ್ವಾದ. ಅವಳ ಕಾಲು ಬೇಗ ಗಟ್ಟಿಯಾಗಲಿ, ಮಾತು ಹೇಗೂ ಗಟ್ಟಿಯಾಗಿಯೇ ಇದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ, ಕಣ್ಣು, ನಿನ್ನ ಸಣ್ಣ ಹೊಲಿಗೆ ಎಲ್ಲ ನೂರು ಕಾಲ ಚೆನ್ನಾಗಿರಲಿ.

ನಿನ್ನ,
ಷಣ್ಮುಖಪ್ಪ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಬರೀ ಬಣ್ಣದ ಮಾತು.

ನೀನು ಆ ಕೆರೆ ಯಾವಾಗ ನೋಡಿದೆ ಎಂಬುದು ನನಗೆ ಗೊತ್ತು. ಮದುವೆಯಾಗಿ ನಾಲ್ಕು ತಿಂಗಳು, ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು. ಚನ್ನಗಿರಿಯ ಬಾಡಿಗೆ ಕೋಣೆಯಲ್ಲಿದ್ದೆವು. ‘ನನ್ನ ಬಸ್ಸಿಗೆ ಬಾ, ನಿನ್ನ ಹೆಸರಿನ ಕೆರೆ ತೋರಿಸ್ತೀನಿ’ ಎಂದು ಕರೆದವನು ನಾನು. ನೀನು ಹಸಿರು ಸೀರೆ ಉಟ್ಟು ಬಂದಿದ್ದೆ. ‘ಟಿಕೆಟ್ ಕೊಡ್ರಿ’ ಎಂದು ಕೈಯನ್ನೂ ಚಾಚಿದೆ. ‘ಕಂಡಕ್ಟರ್ ಹೆಂಡ್ತಿಗೆ ಎಂಥ ಟಿಕೆಟ್’ ಎಂದು ಜಂಭ ಹೊಡೆದವನೂ ನಾನೇ. ಏರಿ ಹತ್ತಿರ ಬರುವಾಗ ಬಸ್ಸಿನ ಸಾಹುಕಾರರ ಚೆಕಿಂಗಿನವರು ಹತ್ತಿದರು. ನಿನ್ನ ಹತ್ತಿರ ಟಿಕೆಟ್ ಇಲ್ಲ. ‘ಯಾರಯ್ಯ ಇವರು?’ ಎಂದು ನನ್ನನ್ನು ಕೇಳಿದರು.

‘ನಮ್ಮ ಮನೆಯವರು’ ಎಂದಿದ್ದರೆ ಆಗುತ್ತಿತ್ತು. ಎರಡೇ ಮಾತು. ಹೆಚ್ಚೆಂದರೆ ಆ ಕೆಲಸ ಹೋಗುತ್ತಿತ್ತು. ನಾನು, ‘ಗೊತ್ತಿಲ್ಲ ಸಾರ್, ಯಾರೋ’ ಎಂದೆ.

ನೀನು ನನ್ನ ಮುಖವನ್ನು ಒಂದೇ ಸಲ ನೋಡಿದೆ. ಸೆರಗಿನ ಗಂಟು ಬಿಚ್ಚಿ ದಂಡ ಕಟ್ಟಿದೆ, ಏರಿಯ ಮೇಲೆ ಇಳಿದೆ. ಸೀಟಿ ಊದಿ ರೈಟ್ ಎಂದೆ ನಾನು. ಹೋದ ಭಾನುವಾರ ಅದೇ ಏರಿಯ ಮೇಲೆ ಗೌಸ್‌ಪೀರ್ ಮೊದಲ ಸಲ ಬಾಯಿ ಬಿಟ್ಟ. ‘ಅವತ್ತು ಕನ್ನಡೀಲಿ ಎಲ್ಲ ನೋಡಿದ್ದೆ ಷಣ್ಮುಖಣ್ಣ. ಬ್ರೇಕ್ ಮೇಲೆ ಕಾಲಿಟ್ಟು ಕೂತಿದ್ದೆ. ನೀವು ಸೀಟಿ ಊದದಿದ್ರೆ ನಾನು ಗಾಡಿ ಎತ್ತುತಿರ್ಲಿಲ್ಲ’ ಎಂದ.

ಸಂಜೆ ಮನೆಗೆ ಬಂದಾಗ ನೀನು ಬಿಸಿ ರೊಟ್ಟಿ ಬಡಿಸಿದೆ. ‘ಕೆರೆ ಬಾಳ ಚಂದ ಐತ್ರಿ’ ಎಂದೆ, ಅಷ್ಟೇ. ಆಮೇಲೆ ಒಂದು ದಿನವೂ ನನ್ನ ಬಸ್ ಹತ್ತಲಿಲ್ಲ. ಆಕೆಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ ಎಂದು ನಾನು ಊರಿಗೆಲ್ಲ ಸುಳ್ಳು ಹೇಳಿಕೊಂಡು ಬಂದೆ, ನೀನು ಅದನ್ನೂ ಅಲ್ಲಗಳೆಯಲಿಲ್ಲ. ಒಡಹುಟ್ಟಿದ ತಂಗಿಯ ಮುಂದೆ ಕೂಡ ನನ್ನ ಮರ್ಯಾದೆ ಕಾಯ್ದೆ. ನಿನ್ನಷ್ಟು ದೊಡ್ಡ ಜೀವವನ್ನು ನಾನು ಕಂಡಿಲ್ಲ ಶಾಂತಾ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅದು ನನಗೆ ಗೊತ್ತು. ತಪ್ಪಾಯಿತು ಎಂದು ಹೇಳಲು ಮೂವತ್ತಾರು ವರ್ಷ ತೆಗೆದುಕೊಂಡೆ. ತಪ್ಪಾಯಿತು.

ಹದಿನಾರಕ್ಕೆ ಬಸ್ಸಿನಲ್ಲಿ ಕಂಡಕ್ಟರ್ ಬಂದು ಕೇಳಿದಾಗ, ‘ಎರಡು ಕೊಡಪ್ಪ. ಒಂದು ನನಗೆ, ಒಂದು ನಮ್ಮ ಮನೆಯವರಿಗೆ’ ಎನ್ನುತ್ತೇನೆ. ನನ್ನ ಹಳೇ ದನಿಯಲ್ಲಿ, ಹಿಂದಿನ ಸೀಟಿಗೂ ಕೇಳಿಸುವ ಹಾಗೆ. ನೀನು ನಾಚಿಕೊಂಡು ಕಿಟಕಿ ಕಡೆ ತಿರುಗಿದರೂ ಸರಿಯೇ.

ಏರಿಯ ಮೇಲೆ ಇಬ್ಬರೂ ಇಳಿಯೋಣ. ಅವತ್ತು ನೀನು ಎಷ್ಟು ದೂರ ನಡೆದೆ, ಮನೆಗೆ ಹೇಗೆ ಬಂದೆ ಎಂದು ಅಲ್ಲಿ ನನಗೆ ಹೇಳು. ನಾನು ಇವತ್ತಿನವರೆಗೂ ಕೇಳಿಲ್ಲ.