ಕುಂಡದಿಂದ ನೆಲಕ್ಕೆ

ರೀ,

ಟ್ಯಾಕ್ಸಿ ಇನ್ನೇನು ಬರುತ್ತೆ. ಸಿಡ್ನಿ ತಲುಪಿದ ಮೇಲೆ ತಂಗಿ ಮನೆಯಿಂದ ಫೋನ್ ಮಾಡ್ತೀನಿ. ಭಾನುವಾರ ಸಾಯಂಕಾಲ ಬರ್ತೀನಿ.

ಹುಳಿ, ಪಲ್ಯ ಫ್ರಿಜ್ಜಿನಲ್ಲಿದೆ, ಬಿಸಿ ಮಾಡ್ಕೊಳ್ಳಿ. ಐಸ್‌ಕ್ರೀಮ್ ಡಬ್ಬಿ ಮಾತ್ರ ಮುಟ್ಟಬೇಡಿ. ಅದರಲ್ಲಿರೋದು ಒದ್ದೆ ಮರಳು, ಈ ವರ್ಷ ಪಾರ್ಕಿನಲ್ಲಿ ಆರಿಸಿದ ಓಕ್ ಬೀಜ; ಮೊಳೆಯೋಕೆ ಚಳಿ ಬೇಕು ಅಂತ ಇಟ್ಟಿದ್ದೀನಿ.

ಹಿತ್ತಲು ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಬೆಳಿಗ್ಗೆ ನೀವು ಏಳೋ ಮುಂಚೆ ಓಕ್ ಗಿಡವನ್ನ ಕುಂಡದಿಂದ ತೆಗೆದು ನೆಲದಲ್ಲಿ ನೆಟ್ಟಿದ್ದೀನಿ. ಹೌದು, ನೀವು ಬೇಡ ಅಂದಿದ್ದು ಕೇಳಿಸಿತ್ತು. "ಮುಂದಿನ ವರ್ಷ ಮೈಸೂರಿಗೆ ವಾಪಸ್ ಹೋಗ್ತೀವಲ್ಲ, ಎಲ್ಲಾ ಕುಂಡದಲ್ಲೇ ಇರಲಿ" ಅಂತ ಎಂಬತ್ಮೂರನೇ ಇಸವಿಯಿಂದ ಹೇಳ್ತಿದ್ದೀರಿ. ಈಗ ತೊಂಬತ್ತೆರಡು. ಮನೆ ಕೊಂಡ ದಿನವೂ ಅದನ್ನೇ ಹೇಳಿದ್ರಿ. ಪಾಪ, ಆ ನಿಂಬೆ ಗಿಡ ಇನ್ನೂ ಕುಂಡದಲ್ಲೇ ಮುದುಡಿಕೊಂಡಿದೆ.

ನಾನು ಬರೋವರೆಗೆ ಓಕ್ ಗಿಡಕ್ಕೆ ದಿನಾ ಅಕ್ಕಿ ತೊಳೆದ ನೀರು ಒಂದು ಚೊಂಬು ಹಾಕಿ, ಸಾಕು.

ಮೆಲ್ಬರ್ನ್ ಚಳಿಗೆ ಎಲೆ ಎಲ್ಲಾ ಉದುರಿ ಬರೀ ಕಡ್ಡಿ ನಿಂತಿರುತ್ತೆ. ಅದು ಸತ್ತಿಲ್ಲ. ಹೋದ ವರ್ಷ ಇದರ ಜೊತೆಯದನ್ನ ಒಣಗಿಹೋಗಿದೆ ಅಂತ ಕಿತ್ತು ಬಿನ್ನಿಗೆ ಹಾಕಿದ್ರಲ್ಲ, ಅದರ ಬೇರು ಹಸಿಯಾಗಿತ್ತು, ನಾನು ಮುರಿದು ನೋಡಿದೆ. ಆಗ ಸುಮ್ಮನಿದ್ದೆ. ಈ ಸಲ ಸುಮ್ಮನಿರಲ್ಲ. ಇದನ್ನೂ ಕಿತ್ತರೆ ಡಬ್ಬಿಯಲ್ಲಿ ಇನ್ನೂ ಹದಿನಾಲ್ಕು ಬೀಜ ಇದೆ, ಹಿತ್ತಲು ತುಂಬಾ ನೆಡ್ತೀನಿ.

ಬಾಗಿಲು ಸರಿಯಾಗಿ ಹಾಕಿಕೊಳ್ಳಿ, ಬಿಪಿ ಮಾತ್ರೆ ಮರೀಬೇಡಿ.

ನೀವು ಹೇಳೋ ಆ ಮುಂದಿನ ವರ್ಷ ನಿಜವಾಗಿ ಬಂದ ದಿನ ನನ್ನನ್ನ ಕರೀರಿ. ಆ ಮರದ ನೆರಳಲ್ಲೇ ಕೂತಿರ್ತೀನಿ.

ಸರ್ವಮಂಗಳ